ಕೂಗು ಹಾಕದೆ ಬಿಟ್ಟ ಆಟ

ಜಗಳ ಶುರುವಾದದ್ದು ಒಂದು ಹಗ್ಗದಿಂದ. ಒಂದು ಹಗ್ಗಕ್ಕೆ ಇಷ್ಟು ರಂಪವೇ ಅಂತ ಮೂಗು ಮುರಿಯೋರು ಮುರಿಯಲಿ. ಐವತ್ತಮೂರನೇ ಇಸವಿಯಲ್ಲಿ, ಪಿಟ್ಸ್‌ಬರ್ಗಿನಿಂದ ಹೊಳೆಯ ದಂಡೆ ಹಿಡಿದು ಮೇಲಕ್ಕೆ ಬಂದರೆ ಸಿಗುವ ನಮ್ಮ ಗಾಜಿನ ಕಾರ್ಖಾನೆಯ ಊರಿನಲ್ಲಿ, ಮಕ್ಕಳಿಗೆ ತಮ್ಮದು ಅಂತ ಹೇಳಿಕೊಳ್ಳೋಕೆ ಇದ್ದದ್ದೇ ನಾಲ್ಕು ಸಾಮಾನು. ಗಂಡುಹುಡುಗರಿಗೆ ಒಂದು ಚೀಲ ಗೋಲಿ. ಹೆಣ್ಣುಮಕ್ಕಳಿಗೆ ಒಂದು ಬೊಂಬೆ, ಅದೂ ಅಕ್ಕಂದಿರ ಕೈಯಲ್ಲಿ ಕೂದಲೆಲ್ಲ ಕಿತ್ತುಹೋಗಿ ಬಂದದ್ದು. ಅಂಥದರಲ್ಲಿ ಥೆಲ್ಮಾ ಹುಡಾಕ್ ಅನ್ನೋ ಹನ್ನೊಂದು ವರ್ಷದ ಹುಡುಗಿಯ ಹತ್ತಿರ ಒಂದು ಸ್ಕಿಪ್ಪಿಂಗ್ ಹಗ್ಗ ಇತ್ತು. ಅವಳಜ್ಜ ಸಾಯೋ ವರ್ಷ ತಾನೇ ಮರ ಕಡೆದು ಎರಡು ಹಿಡಿ ಮಾಡಿ, ಕೆಂಪು ಬಣ್ಣ ಬಳಿದು, ಬಟ್ಟೆ ಒಣಹಾಕುವ ಹಗ್ಗದ ಎರಡು ತುದಿಗೆ ಸೇರಿಸಿ ಕೊಟ್ಟಿದ್ದ. ಅಂಗಡಿಯಲ್ಲಿ ದುಡ್ಡು ಸುರಿದರೂ ಅಂಥದು ಸಿಗುತ್ತಿರಲಿಲ್ಲ. ಥೆಲ್ಮಾ ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಆಗಸ್ಟ್ ತಿಂಗಳು. ಪೋಲಿಯೋ ಭಯಕ್ಕೆ ಈಜುಕೊಳಕ್ಕೆ ಬೀಗ ಬಿದ್ದಿತ್ತು, ಸಿನಿಮಾಕ್ಕೂ ಯಾರೂ ಮಕ್ಕಳನ್ನು ಕಳಿಸುತ್ತಿರಲಿಲ್ಲ. "ಕಣ್ಣೆದುರಿಗೆ ಆಡ್ಕೊಳ್ಳಿ, ಎಲ್ಲೂ ಹೋಗ್ಬೇಡಿ" ಅನ್ನೋದೊಂದೇ ಬೀದಿಯ ತಾಯಂದಿರ ಬಾಯಲ್ಲಿ. ಹಾಗಾಗಿ ಆ ಮಧ್ಯಾಹ್ನ ಮಕ್ಕಳೆಲ್ಲ ದೀಪದ ಕಂಬದ ಸುತ್ತ ಇದ್ದರು. ಥೆಲ್ಮಾ ಮತ್ತು ಅವಳ ಗೆಳತಿ ವೆರ್ನಾ ಹಗ್ಗ ಹಿಡಿದು ಕುಣಿಯುತ್ತಿದ್ದರು. ಥೆಲ್ಮಾಳ ತಂಗಿ ಲೂಡಿ ಪಕ್ಕದಲ್ಲಿ ನಿಂತು ಪ್ರಾಣ ತಿನ್ನುತ್ತಿದ್ದಳು. ಆರು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲು ಬಿದ್ದಿತ್ತು, ಹಟ ಮಾತ್ರ ಮೂವತ್ತೆರಡು ಹಲ್ಲಿನದು.

"ನಂಗೂ ಒಂದೇ ಒಂದ್ಸಲ ಕೊಡೇ ಅಕ್ಕ."

"ನಿಂಗೆ ಬರಲ್ಲ. ಕಾಲಿಗೆ ಸುತ್ಕೊಂಡು ಬೀಳ್ತೀಯ, ಆಮೇಲೆ ಅಮ್ಮ ನಂಗೆ ಬಯ್ತಾಳೆ."

"ಬೀಳಲ್ಲ."

"ಬೀಳ್ತೀಯ. ಹೋಗು, ಆ ಕಲ್ಲಿನ ಮೇಲೆ ಕೂತು ನಾನು ಎಷ್ಟು ಕುಣಿದೆ ಅಂತ ಎಣಿಸು."

"ನಂಗೆ ಇಪ್ಪತ್ತರ ಮೇಲೆ ಎಣಿಸೋಕೆ ಬರಲ್ವಲ್ಲ."

"ಅದಕ್ಕೇ ಹೇಳಿದ್ದು, ಯಾತಕ್ಕೂ ಲಾಯಕ್ಕಿಲ್ಲ ನೀನು ಅಂತ!"

ವೆರ್ನಾ ಕಿಸಕ್ಕನೆ ನಕ್ಕಳು. ಆ ನಗುವೇ ಸಾಕಾಯಿತು. ಲೂಡಿ ನೆಗೆದು ಹಗ್ಗ ಕಿತ್ತುಕೊಂಡಳು, ಸೊಂಟಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿ, ಕೆಂಪು ಹಿಡಿಗಳು ಎರಡೂ ಕಡೆ ತೊನೆದಾಡುತ್ತಿದ್ದಂತೆ ಬಿಟ್ಟಳು ಓಟ. ಥೆಲ್ಮಾ ಬೆನ್ನಟ್ಟುವಷ್ಟರಲ್ಲಿ ಬೇರೆ ಮಕ್ಕಳು ಕಣ್ಣುಮುಚ್ಚಾಲೆಗೆ ಸರದಿ ಎಣಿಸಲು ಶುರು ಮಾಡಿಬಿಟ್ಟಿದ್ದರು. ಎಣಿಕೆ ಬಂದು ನಿಂತದ್ದು ಥೆಲ್ಮಾಳ ಮೇಲೆಯೇ. ಅವಳು ಸಿಡುಕುತ್ತ ಕಂಬಕ್ಕೆ ಹಣೆ ಆನಿಸಿ, ಐದು ಹತ್ತು ಹದಿನೈದು ಅಂತ ನೂರರವರೆಗೆ ಎಣಿಸಿದಳು. ಮಕ್ಕಳೆಲ್ಲ ಚೆಲ್ಲಾಪಿಲ್ಲಿ ಓಡಿದರು, ಲೂಡಿಯೂ.

ನಮ್ಮ ಬೀದಿಯ ಕಣ್ಣುಮುಚ್ಚಾಲೆಗೆ ಒಂದು ಕಟ್ಟಳೆ ಇತ್ತು. ಆಟ ಮುಗಿಸುವುದು ಹುಡುಕುವವರ ಕೈಯಲ್ಲಿ. ಅವರು ಕಂಬ ಮುಟ್ಟಿಕೊಂಡು "ಎಲ್ಲೆಲ್ಲಿದ್ದೀರೋ ಬನ್ನಿರೋ, ಎಲ್ಲಾರೂ ಫ್ರೀ!" ಅಂತ ಗಟ್ಟಿಯಾಗಿ ಕೂಗು ಹಾಕಬೇಕು. ಆಗ ಬಚ್ಚಿಟ್ಟುಕೊಂಡವರು ಧೈರ್ಯವಾಗಿ ಹೊರಗೆ ಬರಬಹುದು. ಕೂಗು ಬೀಳುವ ಮೊದಲು ಬಂದವರು ಸೋತಂತೆ. ಹಿಂದಿನ ವಾರ ಲೂಡಿ ಹೀಗೇ ಸೋತಿದ್ದಳು. ವೆರ್ನಾ ಒಂದು ಮನೆಯ ಮೂಲೆಗೆ ನಿಂತು ಥೇಟ್ ಲೂಡಿಯ ಅಮ್ಮನ ದನಿಯಲ್ಲಿ "ಲೂಡೀ, ಊಟಕ್ಕೆ ಬಾರೇ" ಅಂತ ಕರೆದಿದ್ದಳು. ಪಾಪದ್ದು ನಂಬಿ ಪೊದೆಯಿಂದ ಎದ್ದು ಬಂದಿತ್ತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕಿದ್ದರು. ಮನೆಗೆ ಹೋಗುವಾಗ ಅಳುತ್ತಿದ್ದ ತಂಗಿಗೆ ಥೆಲ್ಮಾಳೇ ಬುದ್ಧಿ ಹೇಳಿದ್ದಳು: "ಕೂಗು ಬೀಳೋತನಕ ಪ್ರಪಂಚವೇ ಮುಳುಗೋದ್ರೂ ಹೊರಗೆ ಬರಬಾರದು ಕಣೇ. ಅಮ್ಮ ಕರೆದ್ರೂ ಅಷ್ಟೇ, ದೇವರು ಕರೆದ್ರೂ ಅಷ್ಟೇ."

ಆ ದಿನ ಥೆಲ್ಮಾ ಒಬ್ಬೊಬ್ಬರನ್ನಾಗಿ ಹಿಡಿದಳು. ಲೂಡಿಯನ್ನು ಮಾತ್ರ ಹುಡುಕಲೇ ಇಲ್ಲ. ಹಗ್ಗದ ಸಿಟ್ಟು ಇನ್ನೂ ಗಂಟಲಲ್ಲೇ ಇತ್ತು. ಅಷ್ಟರಲ್ಲಿ ವೆರ್ನಾ, "ನಮ್ಮ ಮಾವನ ಮನೇಲಿ ಟೀವಿ ತಂದಿದಾರೆ. ಈಗ ಗೊಂಬೆ ಆಟ ಬರತ್ತೆ. ಬರೋರು ಬನ್ನಿ" ಅಂದಳು. ಟೀವಿ! ಬೀದಿಯಲ್ಲಿ ಅರ್ಧಕ್ಕರ್ಧ ಮಕ್ಕಳು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಎಲ್ಲರೂ ಹೋ ಅಂತ ಎದ್ದರು.

"ಲೂಡಿ?" ಅಂತ ಒಬ್ಬ ಹುಡುಗ ಕೇಳಿದ. "ಕೂಗು ಹಾಕಲ್ವಾ ನೀನು?"

"ಇರ್ಲಿ ಬಿಡೋ. ಅಲ್ಲೇ ಕೂತು ಕೊಳೀಲಿ. ನನ್ನ ಹಗ್ಗ ಕಿತ್ಕೊಂಡು ಹೋದ್ಲಲ್ಲ, ಗೊತ್ತಾಗ್ಲಿ" ಅಂದಳು ಥೆಲ್ಮಾ.

ಸಿಟ್ಟಿನಲ್ಲಿ ಆಡಿದ ಮಾತು. ಅಂಥ ಮಾತು ಯಾವ ಮನೆಯಲ್ಲಿ ಯಾವ ಅಕ್ಕ ಆಡಿಲ್ಲ ಹೇಳಿ. ಆದರೆ ಕೆಲವು ಮಾತು ಆಡಿದ ಬಾಯಿಗೇ ತಿರುಗಿ ಬರುತ್ತವೆ.

ಥೆಲ್ಮಾ ಮನೆಗೆ ವಾಪಸು ಬಂದಾಗ ಆರು ಹೊಡೆದಿತ್ತು. ಅಡುಗೆಮನೆಯಲ್ಲಿ ಅವಳಮ್ಮ ಇರ್ಮಾ ಎಲೆಕೋಸಿನ ಎಲೆಯೊಳಗೆ ಅಕ್ಕಿ ಮಾಂಸ ತುಂಬಿ ಬೇಯಿಸಿದ್ದನ್ನು ಒಲೆಯಿಂದ ಇಳಿಸುತ್ತಿದ್ದಳು. ಬಿಸಿಲು ಇನ್ನೂ ಕಿಟಕಿಯಲ್ಲಿತ್ತು.

"ಲೂಡಿ ಎಲ್ಲೇ?"

"ಬಂದಿಲ್ವಾ?"

"ನಿನ್ ಜೊತೆ ಇದ್ಲಲ್ಲ."

"ಆಟ ಮುಗೀತು, ಎಲ್ಲಾರೂ ಹೋದ್ರು. ಯಾರ್ದಾದ್ರೂ ಮನೇಲಿರ್ತಾಳೆ" ಅಂದಳು ಥೆಲ್ಮಾ. ಅದು ಪೂರಾ ಸುಳ್ಳೂ ಅಲ್ಲ, ನಿಜವೂ ಅಲ್ಲ. ಹೇಳುವಾಗಲೇ ಗೋಡೆಯ ಗಡಿಯಾರ ನೋಡಿದಳು. ತಂಗಿಯನ್ನು ಬಿಟ್ಟುಹೋಗಿ ಎರಡು ಗಂಟೆ ಆಗಿತ್ತು. ಎರಡು ಗಂಟೆ!

ಇರ್ಮಾ ಹಿತ್ತಿಲ ಮೆಟ್ಟಿಲ ಮೇಲೆ ನಿಂತು "ಲೂಡೀ" ಅಂತ ಕರೆದಳು. ಮತ್ತೆ ಕರೆದಳು. ಮೂರನೇ ಸಲ ಕರೆದಾಗ ದನಿ ಬದಲಾಗಿತ್ತು. ಕಟ್ಟಿಕೊಂಡಿದ್ದ ಏಪ್ರನ್ನಿಗೆ ಕೈ ಒರೆಸುತ್ತ, ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸುತ್ತ, "ಹೋಗಿ ನೋಡ್ಕೊಂಡು ಬಾರೇ, ನಿಂತಿದೀಯಲ್ಲ ಕಂಬದ ಹಾಗೆ" ಅಂತ ಥೆಲ್ಮಾಳನ್ನು ದಬ್ಬಿದಳು.

ಥೆಲ್ಮಾ ಓಡಿದಳು. ಲೂಡಿ ಬಚ್ಚಿಟ್ಟುಕೊಳ್ಳುವ ಜಾಗವೆಲ್ಲ ಅವಳಿಗೆ ಗೊತ್ತು. ಪೊದೆ ನೋಡಿದಳು. ಬಾವಿಕಟ್ಟೆಯಂತೆ ಪೇರಿಸಿಟ್ಟ ಹಳೇ ಟೈರುಗಳ ಒಳಗೆ ನೋಡಿದಳು. ಸೌದೆಯ ಹಿಂದೆ ನೋಡಿದಳು. "ಲೂಡಿ, ಲೇ ಲೂಡಿ, ಸಾಕು ಬಾರೇ" ಅಂತ ಕೂಗುತ್ತ ತಮ್ಮದೇ ಶೆಡ್ಡಿನ ಹಿಂದಕ್ಕೆ ಬಂದಳು. ಅಲ್ಲಿ ಕಾಲು ನಿಂತುಬಿಟ್ಟಿತು.

ಶೆಡ್ಡಿನ ಹಿಂದೆ ಹಳೇ ಫ್ರಿಜ್ಜು ನಿಂತಿತ್ತು.

ಅಪ್ಪ ಈಸ್ಟರ್ ಹಬ್ಬಕ್ಕೆ ಹೊಸದು ತಂದಾಗ ಹಳೆಯದನ್ನು ಅಲ್ಲಿಗೆ ನೂಕಿದ್ದ. ಒಳಗಿನ ತಂತಿಯ ಅಡ್ಡತಟ್ಟೆಗಳನ್ನು ಅಮ್ಮ ಬ್ರೆಡ್ಡು ಆರಿಸೋಕೆ ತೆಗೆದುಕೊಂಡಿದ್ದಳು. ಹಾಗಾಗಿ ಒಳಗೆ ಖಾಲಿ ಗೂಡು, ಒಂದು ಸಣ್ಣ ಮಗು ಮುದುರಿ ಕೂರುವಷ್ಟು. ಬಾಗಿಲಿಗೆ ಕಬ್ಬಿಣದ ಹಿಡಿಕೆ. ಎಳೆದು ಬಿಟ್ಟರೆ ಕಟಕ್ ಅಂತ ಕಚ್ಚಿಕೊಳ್ಳುತ್ತದೆ, ಹೊರಗಿನಿಂದ ಹಿಡಿಕೆ ಎಳೆದರೆ ಮಾತ್ರ ಬಿಡುತ್ತದೆ. ಒಳಗಿದ್ದವರು ಎಷ್ಟು ಗುದ್ದಿದರೂ ತೆರೆಯುವುದಿಲ್ಲ, ಸುತ್ತಲಿನ ರಬ್ಬರಿನಿಂದಾಗಿ ಗಾಳಿಯೂ ಹೋಗುವುದಿಲ್ಲ, ಕಿರುಚಿದ್ದು ಹೊರಗೆ ಕೇಳುವುದೂ ಇಲ್ಲ. ವಸಂತದಲ್ಲಿ ಪೇಪರಿನಲ್ಲಿ ಬಂದಿತ್ತು, ಯಾವುದೋ ಊರಲ್ಲಿ ಅಣ್ಣತಮ್ಮ ಇಬ್ಬರು ಇಂಥದರಲ್ಲೇ ಬಚ್ಚಿಟ್ಟುಕೊಂಡರಂತೆ. ಅಮ್ಮ ಅದನ್ನು ಅಪ್ಪನಿಗೆ ಓದಿ ಹೇಳಿ, "ಆ ಬಾಗಿಲು ಬಿಚ್ಚಿ ಹಾಕ್ರೀ" ಅಂದಿದ್ದಳು. "ಭಾನುವಾರ ಮಾಡ್ತೀನಿ" ಅಂದಿದ್ದ ಅಪ್ಪ. ಆಮೇಲೆ ಎಷ್ಟು ಭಾನುವಾರ ಬಂದು ಹೋದವೋ. ಕಾರ್ಖಾನೆಯಲ್ಲಿ ಆರು ದಿನ ಕುಲುಮೆಯ ಮುಂದೆ ಬೆಂದು ಬಂದವನು ಏಳನೇ ದಿನ ಗೊರಕೆ ಹೊಡೆಯುತ್ತಿದ್ದ, ಅವನನ್ನು ಬಯ್ಯೋಕೂ ಮನಸ್ಸು ಬರುತ್ತಿರಲಿಲ್ಲ.

ಫ್ರಿಜ್ಜಿನ ಮುಂದಿನ ಹುಲ್ಲು ತುಳಿತಕ್ಕೆ ಸಿಕ್ಕಿ ಮಲಗಿತ್ತು. ಅವತ್ತೇ ಯಾರೋ ನಿಂತಿದ್ದ ಗುರುತು. ಸಣ್ಣ ಕಾಲು. ಬಾಗಿಲು ಮುಚ್ಚಿತ್ತು.

ಥೆಲ್ಮಾ ಬಾಗಿಲ ಹತ್ತಿರಕ್ಕೆ ಬಗ್ಗಿದಳು. "ಲೂಡಿ" ಅಂದಳು, ಗುಟ್ಟು ಹೇಳುವಂತೆ. ಫ್ರಿಜ್ಜಿಗೆ ಕಿವಿ ಇಟ್ಟಳು. ಬಿಸಿಲಿಗೆ ಕಾದ ತಗಡು ಕೆನ್ನೆ ಸುಟ್ಟಿತು. ಒಳಗೆ ಏನೂ ಇಲ್ಲ, ಒಂದು ಉಸಿರಿಲ್ಲ, ಒಂದು ಕೆರೆತ ಇಲ್ಲ. ಕೈ ಎತ್ತಿ ಹಿಡಿಕೆಯ ಮೇಲಿಟ್ಟಳು. ಎಳೆಯಬೇಕು, ಅಷ್ಟೇ. ಒಂದು ಸಲ ಎಳೆದರಾಯಿತು. ಕೈ ಕೇಳಲಿಲ್ಲ. ಎಳೆದರೆ ಒಳಗಿದ್ದದ್ದು ಕಾಣುತ್ತದೆ. ಎಳೆಯುವ ತನಕ ಲೂಡಿ ಎಲ್ಲೋ ಇದ್ದಾಳೆ, ಯಾರದೋ ಮನೆಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಾಳೆ. "ಅಲ್ಲೇ ಕೂತು ಕೊಳೀಲಿ" ಅಂದದ್ದು ಬಿಡದೆ ಕಿವಿಯಲ್ಲಿ ಕೇಳುತ್ತಿತ್ತು. ಎಷ್ಟು ಹೊತ್ತು ಹಾಗೆ ನಿಂತಿದ್ದಳೋ ಅವಳಿಗೇ ಗೊತ್ತಿಲ್ಲ.

"ಏನ್ ಮಾಡ್ತಿದೀಯೇ ಅಲ್ಲಿ?"

ಅಪ್ಪ. ಪಾಳಿ ಮುಗಿಸಿ ಹಿಂದಿನ ಓಣಿಯಿಂದ ಬಂದಿದ್ದ, ಕೈಯಲ್ಲಿ ಊಟದ ಡಬ್ಬಿ. ಸ್ಟೀವ್ ಹುಡಾಕ್ ದೊಡ್ಡ ಆಳು. ನಿಧಾನದ ಮನುಷ್ಯ, ಮಾತು ಕಡಿಮೆ.

"ಲೂಡಿ ಕಾಣ್ತಿಲ್ಲ ಅಪ್ಪ. ಕಣ್ಣುಮುಚ್ಚಾಲೆ ಆಡ್ತಿದ್ವಿ" ಅಂದಳು ಥೆಲ್ಮಾ. ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು.

ಅವನು ಅವಳ ಮುಖ ನೋಡಿದ, ಕೈ ನೋಡಿದ, ಫ್ರಿಜ್ಜು ನೋಡಿದ. ಡಬ್ಬಿ ನೆಲಕ್ಕೆ ಬಿತ್ತು, ಫ್ಲಾಸ್ಕಿನ ಗಾಜು ಒಳಗೇ ಪುಡಿಯಾದ ಸದ್ದು ಬಂತು. ಅಷ್ಟು ನಿಧಾನದ ಮನುಷ್ಯ ಮೂರು ಹೆಜ್ಜೆಗೆ ಓಣಿ ದಾಟಿ ಬಂದು, ಮಗಳನ್ನು ಹುಲ್ಲಿನ ಮೇಲೆ ಬೀಳುವಂತೆ ಪಕ್ಕಕ್ಕೆ ತಳ್ಳಿ, ಹಿಡಿಕೆ ಹಿಡಿದು ಎಳೆದ.

ಥೆಲ್ಮಾ ಕಣ್ಣು ಮುಚ್ಚಿಕೊಂಡಳು.

"ಇಲ್ಲ" ಅಂದ ಅಪ್ಪ. "ಇಲ್ಲ. ಇಲ್ಲಿಲ್ಲ. ಖಾಲಿ." ಅವನು ಬಾಗಿಲು ಹಿಡಿದುಕೊಂಡೇ ಕುಸಿದು ಕೂತ. ಒಳಗಿನಿಂದ ಹುಳಿ ಹಾಲಿನ ಹಳೇ ವಾಸನೆ ಬಂತು. ಬೇರೆ ಏನೂ ಇರಲಿಲ್ಲ. ಅಪ್ಪನ ಭುಜ ಅಲ್ಲಾಡುತ್ತಿತ್ತು. ಥೆಲ್ಮಾ ಅಪ್ಪನನ್ನು ಹಾಗೆ ಎಂದೂ ಕಂಡಿರಲಿಲ್ಲ, ಅಜ್ಜನ ಹೆಣದ ಮುಂದೆಯೂ. ಅವಳಿಗೆ ಭಯ ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ಇಲ್ಲಿಲ್ಲ ಅಂದರೆ ಎಲ್ಲಿ?

ಓಣಿಯ ಕೊನೆಗೆ ರೈಲು ಹಳಿ, ಹಳಿ ದಾಟಿದರೆ ಹೊಳೆ.

ಹತ್ತು ನಿಮಿಷದಲ್ಲಿ ಬೀದಿಗೆ ಬೀದಿಯೇ ಹೊರಗೆ ಬಂತು. ಬಾಯಲ್ಲಿ ತುತ್ತು ಇದ್ದವರು ತುತ್ತು ಬಿಟ್ಟು ಬಂದರು. ಎಲ್ಲರ ಬಾಯಲ್ಲೂ ಲೂಡಿ, ಲೂಡಿ, ಲೂಡಿ. ಎದುರು ಮನೆಯ ಹ್ಯಾನ್ಲನ್ನಮ್ಮನೂ ಕೋಲೂರಿಕೊಂಡು ಬಂದಳು. ಐರಿಷ್ ಮುದುಕಿ, ಎಪ್ಪತ್ತು ದಾಟಿತ್ತು, ಬೀದಿಯ ಯಾವ ಮಗುವನ್ನೂ ಬಯ್ಯದೆ ಬಿಟ್ಟವಳಲ್ಲ, ಬಯ್ದ ಮೇಲೆ ಕೈಗೆ ಮಿಠಾಯಿ ಇಡದೆ ಕಳಿಸಿದವಳೂ ಅಲ್ಲ. "ನಮ್ಮ ನೆಲಮಾಳಿಗೆಗೂ ಇಳಿದು ಕರೆದೆ ಕಣಮ್ಮ ಇರ್ಮಾ, ಇಲ್ಲ" ಅಂದಳು. ಇರ್ಮಾ ಅವಳ ತೋಳು ಹಿಡಿದುಕೊಂಡು ಬಿಡಲೇ ಇಲ್ಲ.

ಹ್ಯಾನ್ಲನ್ನಮ್ಮ ಥೆಲ್ಮಾಳ ಕಡೆ ತಿರುಗಿದಳು. "ಹುಡುಕೋ ಸರದಿ ಯಾರ್ದಿತ್ತೇ?"

"ನಂದು."

"ಕೊನೇಲಿ ಕೂಗು ಹಾಕಿದ್ಯಾ?"

ಎಲ್ಲರೂ ನೋಡುತ್ತಿದ್ದರು. ವೆರ್ನಾ ನೆಲ ನೋಡುತ್ತಿದ್ದಳು. ಅಪ್ಪ ನೋಡುತ್ತಿದ್ದ, ಕಣ್ಣು ಕೆಂಪಗಿತ್ತು. ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಅವಳು ಏನು ಹೇಳಬೇಕು? ತಂಗಿ ಕೊಳೆಯಲಿ ಅಂತ ಬಿಟ್ಟು ಟೀವಿ ನೋಡೋಕೆ ಹೋದೆ ಅಂತಲೇ?

"ಹಾಕಿದೆ" ಅಂದಳು ಥೆಲ್ಮಾ.

"ಹಾಗಾದ್ರೆ ಮಗು ಬಚ್ಚಿಟ್ಕೊಂಡಿಲ್ಲ" ಅಂದಳು ಮುದುಕಿ. ಅವಳ ಮುಖ ಬಾಡಿತು. "ಆಟದಿಂದ ಹೊರಗೆ ಬಂದು ಎಲ್ಲೋ ಹೋಗಿದೆ." ಅವಳು ಹೊಳೆಯ ಹೆಸರು ಎತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ.

ಗಂಡಸರು ಗುಂಪು ಕಟ್ಟಿಕೊಂಡು ಇಳಿಜಾರಿನ ಕಡೆ ಹೊರಟರು. ವೆರ್ನಾಳ ಮಾವ ದೋಣಿಕಟ್ಟೆಯಲ್ಲಿ ಕೆಲಸ ಮಾಡುವವನು, ಓಡಿಹೋಗಿ ಮನೆಯಿಂದ ಉದ್ದನೆಯ ಗಳು ತಂದ. ಗಳುವಿನ ತುದಿಗೆ ಕಬ್ಬಿಣದ ಕೊಕ್ಕೆ. ಅದು ಯಾತಕ್ಕೆ ಅಂತ ನಮ್ಮೂರಿನ ಎಲ್ಲ ಮಕ್ಕಳಿಗೂ ಗೊತ್ತು. ನೀರಿಗೆ ಬಿದ್ದವರನ್ನು ತಡಕಾಡಿ ಮೇಲೆತ್ತುವುದಕ್ಕೆ. ಇರ್ಮಾ ಅದನ್ನು ಕಂಡದ್ದೇ ತಡ, "ಅಯ್ಯೋ ನನ್ ಕಂದಾ!" ಅಂತ ಬೀದಿಯ ನಡುವೆಯೇ ಕುಕ್ಕರಿಸಿದಳು. ಅವಳ ಬಾಯಿಂದ ಬಂದ ಸದ್ದು ಮನುಷ್ಯರದೋ ಅಲ್ಲವೋ ಅನ್ನುವಂತಿತ್ತು. ಅಪ್ಪ ಹೋಗಿ ಗಳುವಿನ ಇನ್ನೊಂದು ತುದಿ ಹೆಗಲಿಗೆ ಇಟ್ಟುಕೊಂಡ.

ಥೆಲ್ಮಾ ನೋಡಿದಳು. ಆ ಕೊಕ್ಕೆ ಬಿಸಿಲಿಗೆ ಹೊಳೆಯುತ್ತಿತ್ತು. ಅವಳಿಗೆ ಇನ್ನು ತಡೆಯಲಾಗಲಿಲ್ಲ.

"ಅಪ್ಪಾ! ನಾನ್ ಕೂಗಿಲ್ಲ ಅಪ್ಪಾ!"

ಅಪ್ಪ ತಿರುಗಿದ.

"ಸುಳ್ಳು ಹೇಳ್ದೆ. ಕೂಗು ಹಾಕ್ಲೇ ಇಲ್ಲ. ಅವಳು ಹಗ್ಗ ಕಿತ್ಕೊಂಡ್ಲು ಅಂತ ಸಿಟ್ಟು ಬಂದಿತ್ತು. ಬೇಕು ಅಂತ್ಲೇ ಬಿಟ್ಟೆ. ಅಮ್ಮ ಕರೆದ್ರೂ ಬರಬೇಡ ಅಂತ ನಾನೇ ಹೇಳ್ಕೊಟ್ಟಿದ್ದೆ." ಮುಂದಿನದು ಅಳುವಿನಲ್ಲಿ ಕೊಚ್ಚಿಹೋಯಿತು.

ಅಪ್ಪ ಕೈ ಎತ್ತಬಹುದು ಅಂತ ಅವಳು ಭುಜ ಕುಗ್ಗಿಸಿ ನಿಂತಳು. ಹೊಡೆದಿದ್ದರೆ ಒಳ್ಳೆಯದಿತ್ತು. ಅವನು ಹೊಡೆಯಲಿಲ್ಲ. ಕೋಲಿನ ತುದಿಯಿಂದ ಅವಳ ಬೆನ್ನಿಗೆ ತಿವಿದವಳು ಹ್ಯಾನ್ಲನ್ನಮ್ಮ.

"ಅತ್ತಿದ್ದು ಸಾಕು. ಮುಂಡೇದೇ, ಈಗ ಕೂಗು. ಇಲ್ಲಲ್ಲ, ಅಲ್ಲಿ ಹೋಗಿ, ಕಂಬ ಮುಟ್ಕೊಂಡು. ಕಂಬ ಮುಟ್ಟದೆ ಕೂಗಿದ್ರೆ ನಡೆಯಲ್ಲ ಅಂತ ಅದಕ್ಕೂ ಗೊತ್ತಿರತ್ತೆ. ನಾನು ಆಡಿದ ಕಾಲದಿಂದ್ಲೂ ಅದೇ ಕಟ್ಟಳೆ." ಆಮೇಲೆ ಸುತ್ತ ತಿರುಗಿ, "ನೀವೆಲ್ಲ ಬಾಯ್ಮುಚ್ಕೊಳಿ ಸ್ವಲ್ಪ! ದೊಡ್ಡೋರ ದನಿ ಕೇಳಿದ್ರೆ ಮೋಸ ಅಂದ್ಕೊಳ್ಳತ್ತೆ ಅದು" ಅಂತ ಗದರಿದಳು.

ಥೆಲ್ಮಾ ಕಂಬದ ಹತ್ತಿರ ಹೋದಳು. ಅಂಗೈ ಅದರ ಮೇಲಿಟ್ಟಳು. ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಇಪ್ಪತ್ತು ಮೂವತ್ತು ಜನ ದೊಡ್ಡವರು, ಕಾರ್ಖಾನೆಯ ಮಸಿ ಮೆತ್ತಿಕೊಂಡ ಗಂಡಸರು, ಏಪ್ರನ್ನು ಕಟ್ಟಿದ ಹೆಂಗಸರು, ಉಸಿರು ಬಿಗಿಹಿಡಿದು ಅವಳ ಬಾಯನ್ನೇ ನೋಡುತ್ತಿದ್ದರು. ಕೂಗಿಯೂ ಬರದಿದ್ದರೆ? ಈ ಕೂಗು ಒಂದೇ ಉಳಿದಿತ್ತು. ಇದು ಖರ್ಚಾದರೆ ಆಮೇಲೆ ಕೊಕ್ಕೆ.

"ಎಲ್ಲೆಲ್ಲಿ..." ಅಂದಳು. ಕಪ್ಪೆಯ ದನಿ. ಉಗುಳು ನುಂಗಿದಳು. ಕಣ್ಣು ಮುಚ್ಚಿ, ಕಂಬವನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದಳು:

"ಎಲ್ಲೆಲ್ಲಿದ್ದೀರೋ ಬನ್ನಿರೋ, ಎಲ್ಲಾರೂ ಫ್ರೀ!"

ಕೂಗು ಬೀದಿಯ ಕೊನೆ ಮುಟ್ಟಿ ಕಾರ್ಖಾನೆಯ ಗೋಡೆಗೆ ಬಡಿದು ವಾಪಸು ಬಂತು. ಆಮೇಲೆ ಏನೂ ಇಲ್ಲ. ಎಲ್ಲೋ ಒಂದು ನಾಯಿ ಬೊಗಳಿತು. ಇರ್ಮಾ ಬಾಯಿಗೆ ಏಪ್ರನ್ನು ತುರುಕಿಕೊಂಡು ಕೂತಿದ್ದಳು. ಥೆಲ್ಮಾ ಮನಸ್ಸಿನಲ್ಲೇ ಎಣಿಸಿದಳು, ಐದು, ಹತ್ತು, ಹದಿನೈದು. ದೇವರೇ, ಹಗ್ಗ ಅವಳೇ ಇಟ್ಟುಕೊಳ್ಳಲಿ. ಇಪ್ಪತ್ತು. ಬೊಂಬೆನೂ ಅವಳೇ ಇಟ್ಟುಕೊಳ್ಳಲಿ. ಇಪ್ಪತ್ತೈದು.

ಹ್ಯಾನ್ಲನ್ನಮ್ಮನ ಮನೆಯ ಗೋಡೆಯ ಬುಡದಲ್ಲಿ, ಚಳಿಗಾಲಕ್ಕೆ ಕಲ್ಲಿದ್ದಲು ಸುರಿಯುವ ಕಿಂಡಿಗೆ ಒಂದು ಹಲಗೆ ಇತ್ತು. ಆ ಹಲಗೆ ಅಲ್ಲಾಡಿತು. ಒಂದು ಕರೀ ಕೈ ಹೊರಗೆ ಬಂತು. ಆಮೇಲೆ ಒಂದು ಕರೀ ತಲೆ. ಮಸಿಯ ಮೂಟೆಯಂಥ ಒಂದು ಜೀವ ಕಿಂಡಿಯಿಂದ ತೆವಳಿ ಈಚೆಗೆ ಬಂದು, ಸುತ್ತಲೂ ಯಾರಿದ್ದಾರೆ ಅಂತಲೂ ನೋಡದೆ, ಎರಡು ಕೆಂಪು ಹಿಡಿ ತೊನೆದಾಡಿಸುತ್ತ, ಜನರ ಕಾಲಿನ ಸಂದಿಯಲ್ಲಿ ನುಗ್ಗಿ ಓಡಿಬಂದು ಕಂಬಕ್ಕೆ ಪಟ್ ಅಂತ ಹೊಡೆಯಿತು.

"ಫ್ರೀ! ನಾನ್ ಗೆದ್ದೆ! ಸಿಗ್ಲೇ ಇಲ್ಲ ನಿಂಗೆ!" ಅಂದಳು ಲೂಡಿ. ಮುಖದಲ್ಲಿ ಬೆಳ್ಳಗಿದ್ದದ್ದು ಕಣ್ಣು ಎರಡೇ. "ಯಾಕಕ್ಕ ಅಳ್ತಿದೀಯ? ಸೋತಿದ್ದಕ್ಕಾ?"

ಆಮೇಲೆ ಯಾರು ಏನು ಮಾಡಿದರು ಅಂತ ಕ್ರಮವಾಗಿ ಹೇಳೋಕೆ ಯಾರಿಂದಲೂ ಆಗದು. ಇರ್ಮಾ ಮಗುವನ್ನು ಬಾಚಿ ತಬ್ಬಿಕೊಂಡಳು, ಬೆನ್ನಿಗೆ ನಾಲ್ಕು ಬಾರಿಸಿದಳು, ಮತ್ತೆ ತಬ್ಬಿಕೊಂಡಳು. ವೆರ್ನಾಳ ಮಾವ ಗಳು ಕೆಳಗಿಟ್ಟು ಬೇರೆ ಕಡೆ ತಿರುಗಿ ಮೂಗು ಸೀನಿಕೊಂಡ. ಹ್ಯಾನ್ಲನ್ನಮ್ಮ "ನನ್ ಕಲ್ಲಿದ್ದಲಿನಲ್ಲಿ ಕೂತು ನಾನ್ ಕರೆದ್ರೆ ಓ ಅನ್ನಲ್ವಲ್ಲೇ ಕಳ್ಳಿ!" ಅಂತ ಗದರಿ, ಅಂಗಿಯ ಜೇಬಿನಲ್ಲಿ ಮಿಠಾಯಿ ಹುಡುಕಿದಳು.

"ಅಮ್ಮ ಕರೆದದ್ದು ಕೇಳಿಸ್ಲಿಲ್ವೇನೇ ನಿಂಗೆ?" ಅಂದಳು ಇರ್ಮಾ.

"ಕೇಳಿಸ್ತು. ವೆರ್ನಾ ಅಂದ್ಕೊಂಡೆ. ಆಮೇಲೆ ನಿದ್ದೆ ಬಂತು. ಆಮೇಲೆ ನೀನು ಅಳೋದೂ ಕೇಳಿಸ್ತು. ಅಯ್ಯಪ್ಪ, ವೆರ್ನಾಗೆ ಅಮ್ಮನ ಹಾಗೆ ಅಳೋಕೂ ಬರತ್ತಲ್ಲ ಅಂದ್ಕೊಂಡೆ."

ಊಟಕ್ಕೆ ಕೂತಾಗ ಎಲೆಕೋಸು ತಣ್ಣಗಾಗಿತ್ತು. ಯಾರೂ ಬಿಸಿ ಮಾಡಲಿಲ್ಲ. ಲೂಡಿಯನ್ನು ಉಜ್ಜಿ ಉಜ್ಜಿ ತೊಳೆದಿದ್ದರು, ಕಿವಿಯ ಹಿಂದೆ ಮಸಿ ಇನ್ನೂ ಇತ್ತು. ಥೆಲ್ಮಾಳಿಗೆ ಯಾರೂ ಏನೂ ಅನ್ನಲಿಲ್ಲ. ಅಮ್ಮ ಅವಳ ತಟ್ಟೆಗೂ ಬಡಿಸಿದಳು, ಅವಳ ತಲೆಯ ಮೇಲೂ ಒಮ್ಮೆ ಕೈ ಇಟ್ಟಳು. ಥೆಲ್ಮಾ ತುತ್ತು ಎತ್ತದೆ ತಂಗಿಯನ್ನೇ ನೋಡುತ್ತ ಕೂತಳು. ಮುಗಿಯಿತು, ತಂಗಿ ಎದುರಿಗೆ ಕೂತಿದ್ದಾಳೆ, ಬಾಯಿ ತುಂಬ ಎಲೆಕೋಸು ತುಂಬಿಕೊಂಡಿದ್ದಾಳೆ ಅಂತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

"ನಿನ್ ಹಗ್ಗ ತಗೋ. ನಂಗೆ ಬೇಡ" ಅಂದಳು ಲೂಡಿ ತಟ್ಟನೆ. ಸೊಂಟದಿಂದ ಬಿಚ್ಚಿದ್ದ ಹಗ್ಗವನ್ನು ಮೇಜಿನ ಮೇಲೆ ತಳ್ಳಿದಳು. "ಹಾಳು ಹಗ್ಗ ಅದು. ಅದರ ದೆಸೆಯಿಂದ ನನ್ನ ಒಳ್ಳೇ ಜಾಗ ಹೋಯ್ತು."

"ಯಾವ ಜಾಗ?" ಅಂದಳು ಅಮ್ಮ, ಬ್ರೆಡ್ಡು ಕುಯ್ಯುತ್ತ.

"ಶೆಡ್ಡಿನ ಹಿಂದೆ, ಬಿಳೀ ಪೆಟ್ಟಿಗೆ. ಮೊದ್ಲು ಅಲ್ಲೇ ಕೂತ್ಕೊಂಡೆ. ಮೆತ್ತಗೆ ಒಳಗೆ ಹೋಗಿ ಬಾಗ್ಲು ಎಳ್ಕೊಂಡೆ, ಮುಚ್ಲೇ ಇಲ್ಲ. ಇದರ ಹಿಡಿ ಹೊರಗೆ ನೇತಾಡ್ಕೊಂಡು ಬಾಗ್ಲಿನ ಸಂದಿಗೆ ಸಿಕ್ಕೊಂಡಿತ್ತು. ಮೂರ್ ಸಲ ಎಳೆದೆ, ಜೋರಾಗಿ. ಬೆಳಕು ಬರ್ತಾನೇ ಇತ್ತು, ಅಕ್ಕಂಗೆ ಕಾಣ್ಸತ್ತೆ ಅಂತ ಎದ್ದು ಬಂದೆ." ಅವಳು ಹಾಲು ಕುಡಿದು ಮೂತಿ ಒರೆಸಿಕೊಂಡಳು. "ಬರೋವಾಗ ಬಾಗ್ಲು ಗಟ್ಟಿಯಾಗಿ ಹಾಕಿ ಬಂದೆ. ಒಳಗಿದೀನಿ ಅಂತ ಅಕ್ಕ ಮೋಸ ಹೋಗ್ಲಿ ಅಂತ."

ಅಮ್ಮನ ಚಾಕು ಬ್ರೆಡ್ಡಿನ ನಡುವೆ ನಿಂತಿತು. ಅಪ್ಪ ಚಮಚ ಕೆಳಗಿಟ್ಟ. ಆಮೇಲೆ ಎದ್ದು, ಅಡುಗೆಮನೆಯ ಡ್ರಾಯರಿನಲ್ಲಿ ತಡಕಾಡಿ ದೊಡ್ಡ ಸ್ಕ್ರೂಡ್ರೈವರ್ ತೆಗೆದುಕೊಂಡು, ಹಿತ್ತಿಲಿಗೆ ಹೋದ.

ಥೆಲ್ಮಾ ಹಗ್ಗ ಎತ್ತಿಕೊಂಡಳು. ಒಂದು ಹಿಡಿ ಅಜ್ಜ ಕೊಟ್ಟ ಹಾಗೆಯೇ ನುಣ್ಣಗಿತ್ತು. ಇನ್ನೊಂದರ ಕೆಂಪು ಬಣ್ಣ ಎದ್ದುಹೋಗಿತ್ತು, ಮರ ಒಂದು ಕಡೆ ಬೆರಳು ಹೂಳುವಷ್ಟು ತಗ್ಗಾಗಿತ್ತು. ಒಂದೇ ಕಡೆ ಮೂರು ಕಚ್ಚು. ಅವಳು ಆ ತಗ್ಗಿನಲ್ಲಿ ಹೆಬ್ಬೆರಳು ಇಟ್ಟಳು.

"ನಾಳೆ ಹಗ್ಗ ಇಲ್ದೆ ಹೋಗ್ತೀನಿ" ಅಂತಿದ್ದಳು ಲೂಡಿ. "ಆಗ ಬಾಗ್ಲು ಪೂರ್ತಿ ಮುಚ್ಕೊಳ್ಳತ್ತೆ."

ಥೆಲ್ಮಾ ಎದ್ದು ಮೇಜಿನ ಆಚೆಗೆ ಹೋದಳು. ತಂಗಿಯ ಕುರ್ಚಿಯ ಮುಂದೆ ಮಂಡಿಯೂರಿ, ಹಗ್ಗವನ್ನು ಅವಳ ಸೊಂಟಕ್ಕೆ ಒಂದು ಸುತ್ತು, ಎರಡು ಸುತ್ತು ಸುತ್ತಿ, ಬೆರಳು ಸೋಲುವಷ್ಟು ಬಿಗಿಯಾಗಿ ಗಂಟು ಹಾಕಿದಳು.

"ಇದು ನಿಂದೇ. ಬಿಚ್ಚಬೇಡ."

"ನಂದಾ? ಯಾವಾಗ್ಲೂ?"

"ಯಾವಾಗ್ಲೂ."

ಹಿತ್ತಿಲಲ್ಲಿ ಏನೋ ಭಾರವಾದದ್ದು ನೆಲಕ್ಕೆ ದೊಪ್ಪೆಂದು ಬಿತ್ತು. ಕಿಟಕಿಯ ಗಾಜು ಅದುರಿತು.

"ಏನಮ್ಮ ಅದು?" ಅಂದಳು ಲೂಡಿ.

"ಏನಿಲ್ಲ ಕಂದ, ಬಾಗ್ಲು" ಅಂದಳು ಇರ್ಮಾ. "ಊಟ ಮಾಡು."